ನೀಲಗಂಗಮ್ಮನ ಲಿವರ್

ಮಾಡಿದ್ದುಣ್ಣೋ ಮಹಾರಾಯ ಎಂಬ ಗಾದೆ ಬೆಟಗೇರಿಯಲ್ಲಿ ಸುಳ್ಳಾಗಿ ಒಂದು ವರ್ಷವಾಗಿತ್ತು. ಒಬ್ಬರು ಉಂಡದ್ದನ್ನು ಇನ್ನೊಬ್ಬರು ಅರಗಿಸಿಕೊಡುವ ಯಂತ್ರ ಬಂದಿತ್ತು. ತಯಾರಿಸಿದವರು ಅದಕ್ಕೆ ಮಾರುದ್ದದ ಹೆಸರು ಇಟ್ಟಿದ್ದರು. ಜನ ಮಾತ್ರ ಅದನ್ನು ‘ಹೆಗಲು’ ಎಂದರು. ಚಿಕಿತ್ಸಾ ಕೇಂದ್ರದ ಡಾಕ್ಟರರೂ ಕೊನೆಗೆ ಹಾಗೆಯೇ ಕರೆಯತೊಡಗಿದರು.

ಹೊಲಿಗೆ ಯಂತ್ರದಷ್ಟು ದೊಡ್ಡ ಪೆಟ್ಟಿಗೆ, ಆಚೆ ಈಚೆ ಒಂದೊಂದು ಕುರ್ಚಿ. ಒಂದರಲ್ಲಿ ಲಿವರಿಗೆ ಕೊಬ್ಬು ಕಟ್ಟಿದ ರೋಗಿ ಕೂರಬೇಕು, ಇನ್ನೊಂದರಲ್ಲಿ ಲಿವರ್ ಗಟ್ಟಿಯಿರುವ ಜೊತೆಗಾರರು. ಇಬ್ಬರ ತೋಳಿಗೂ ಅಂಗಿಯ ಗುಂಡಿಯಷ್ಟು ಅಗಲದ ಬಾಯಿ ಕೂರಿಸಿರುತ್ತಾರೆ, ಅದಕ್ಕೆ ಕೊಳವೆ ಸಿಕ್ಕಿಸಿದರೆ ಆಯಿತು. ಯಂತ್ರ ರಕ್ತದ ಕಣಗಳನ್ನು ಅವರವರಿಗೇ ಹಿಂದಿರುಗಿಸಿ, ತಿಳಿಹಳದಿ ನೀರಿನಂಥ ಭಾಗವನ್ನಷ್ಟೇ ತೆಗೆದುಕೊಳ್ಳುತ್ತದೆ. ಅದರಲ್ಲಿ ತೇಲುವ ಕೊಬ್ಬು ಜಾಲರಿ ದಾಟಿ ಜೊತೆಗಾರರ ಮೈಗೆ ಹೋಗುತ್ತದೆ, ಅವರ ಲಿವರ್ ಅದನ್ನು ಸುಡುತ್ತದೆ. ದಿನಕ್ಕೆ ಒಂದೂವರೆ ಗಂಟೆ ಹೀಗೆ ಭಾರ ಇಳಿಸಿದರೆ ಕೆಟ್ಟ ಲಿವರಿಗೆ ಬಿಡುವು ಸಿಗುತ್ತದೆ. ಬಿಡುವು ಕೊಟ್ಟರೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಗುಣ ಲಿವರಿಗೆ ಇದ್ದಷ್ಟು ಬೇರೆ ಅಂಗಕ್ಕಿಲ್ಲ. ಒಂದೇ ಷರತ್ತು: ಇಬ್ಬರೂ ಪಥ್ಯದಲ್ಲಿರಬೇಕು. ಇಬ್ಬರ ಊಟದ ಕೊಬ್ಬೂ ಒಂದೇ ಲಿವರಿನ ಮೇಲೆ ಬಿದ್ದರೆ ಗಟ್ಟಿಯದೂ ಕೆಡುತ್ತದೆ.

ಅಡಿವೆಯ್ಯ ಸಾಲಿಮಠ ಮಾಸ್ತರರ ಮನೆಗೆ ಹೆಗಲು ಬಂದದ್ದು ಅವರಿಗೆ ಎಪ್ಪತ್ತೊಂದು ತುಂಬಿದಾಗ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಕರಿಹಲಗೆಯ ಮೇಲೆ ಲಿವರಿನ ಚಿತ್ರ ಬರೆದು, “ಇದು ಶರೀರದಾಗಿನ ಅತಿ ದೊಡ್ಡ ಗ್ರಂಥಿ, ಇದಕ್ಕ ಸಿಟ್ಟು ಬರಿಸಬ್ಯಾಡ್ರಿ” ಎಂದು ಹುಡುಗರನ್ನು ನಗಿಸುತ್ತಿದ್ದರು. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ. ಅವರ ಲಿವರಿನಲ್ಲಿ ನೂರಕ್ಕೆ ಐದು ದಾಟಬಾರದ ಕೊಬ್ಬು ಇಪ್ಪತ್ತೆರಡಕ್ಕೆ ಹೋಗಿತ್ತು, ಅಂಚಿನಲ್ಲಿ ನಾರುಗಟ್ಟಲು ಶುರುವಾಗಿತ್ತು. ಅದು ಪೂರ್ತಿ ನಾರುಗಟ್ಟಿದರೆ ಮುಂದೆ ಮದ್ದಿಲ್ಲ ಎಂದು ಡಾಕ್ಟರರು ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಸಾಯುವ ಭಯಕ್ಕಿಂತ ಮೊದಲು ಮಾಸ್ತರರಿಗೆ ಆದದ್ದು ನಾಚಿಕೆ. ಊರಿನಲ್ಲಿ ಲಿವರ್ ಕೆಟ್ಟಿದೆ ಎಂದರೆ ಕುಡುಕ ಎಂದೇ ಅರ್ಥ. ಅಡಿವೆಯ್ಯನವರು ಜಂಗಮರು, ಜನ ಕಾಲಿಗೆ ಬೀಳುವ ಅಯ್ಯನವರು, ಹೆಂಡದ ವಾಸನೆಯನ್ನೂ ಕಂಡವರಲ್ಲ. ಬೆಲ್ಲ, ತುಪ್ಪ, ಮೈದಾ, ಕೂತಲ್ಲೇ ಕೂರುವ ಚಾಳಿ ಮತ್ತು ವಯಸ್ಸು ಸೇರಿದರೂ ಇದು ಬರುತ್ತದೆ ಎಂದು ಡಾಕ್ಟರ್ ತಹಸೀನ್ ಮುಲ್ಲಾ ಬಿಡಿಸಿ ಹೇಳಿದ ಮೇಲೂ ಅವರು ಕೇಂದ್ರಕ್ಕೆ ಹೋಗುವಾಗ ಮುಖಕ್ಕೆ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು, ಬೇಸಿಗೆಯಲ್ಲಿ ಕೂಡ.

ಕೇಂದ್ರದ ಫಾರಮಿನಲ್ಲಿ ಜೊತೆಗಾರರು ಎಂಬ ಜಾಗದಲ್ಲಿ ಮಗ ‘ಹೆಂಡತಿ’ ಎಂದು ತುಂಬಿದ. ನೀಲಗಂಗಮ್ಮ ತೋರಿಸಿದ ಕಡೆ ಸಹಿ ಮಾಡಿದರು. ಅರವತ್ತೇಳರ ಆ ಹೆಂಗಸಿನ ಲಿವರ್ ನೋಡಿ ಕೇಂದ್ರದವರೇ ಬೆರಗಾದರು. ಮೂರು ಪಾಯಿಂಟ್ ಎಂಟು! “ಹುಡಿಗ್ಯಾರದೂ ಇಷ್ಟು ಸ್ವಚ್ಛ ಇರಂಗಿಲ್ರಿ ಅಮ್ಮಾ,” ಎಂದಿದ್ದರು ಡಾಕ್ಟರು. ನೀಲಗಂಗಮ್ಮ ಸೆರಗು ಸರಿಮಾಡಿಕೊಂಡು ಸುಮ್ಮನೆ ನಕ್ಕಿದ್ದರು.

ಪಥ್ಯವೆಂದರೆ ಹೊಸದೇನಲ್ಲ. ಜೋಳದ ರೊಟ್ಟಿ, ಕಾಳಿನ ಪಲ್ಯ, ಹಸಿ ಹಕ್ಕರಕಿ ಸೊಪ್ಪು, ಮೆಂತ್ಯ, ಅಗಸಿ ಚಟ್ನಿ, ಮಜ್ಜಿಗೆ. ಅವರ ಅಜ್ಜ ಅಜ್ಜಿ ದಿನವೂ ಉಂಡದ್ದು, ಇವರು ಬಡವರ ಊಟವೆಂದು ಬಿಟ್ಟದ್ದು. ಸೊಸೆ ಅಶ್ವಿನಿ ಕೇಂದ್ರದವರು ಕೊಟ್ಟ ಪಟ್ಟಿಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಿ ಅದರಂತೆ ಮಾಡುತ್ತಿದ್ದಳು. ಮಧ್ಯಾಹ್ನ ಮೂರಕ್ಕೆ ಗಂಡಹೆಂಡತಿ ಕೊಳವೆ ಸಿಕ್ಕಿಸಿಕೊಂಡು ಕೂರುತ್ತಿದ್ದರು. ನಾಲ್ಕು ತಿಂಗಳಲ್ಲಿ ಮಾಸ್ತರರ ಇಪ್ಪತ್ತೆರಡು ಹದಿಮೂರಕ್ಕೆ ಇಳಿಯಿತು. ಎಲ್ಲ ಸರಿಯಾಗಿಯೇ ನಡೆದಿತ್ತು, ಶ್ರಾವಣ ಬಂತು.

ಶ್ರಾವಣದಲ್ಲಿ ಬೆಟಗೇರಿಯ ಮನೆಮನೆಯಲ್ಲೂ ಬಿನ್ನಾಯ. ಅಯ್ಯನವರನ್ನು ಕರೆದು, ಪಾದ ತೊಳೆದು, ಮೊದಲ ಎಡೆ ಅವರಿಗೆ ನೀಡಿ ಆಮೇಲೆ ಮನೆಯವರು ಉಣ್ಣುವುದು ಪದ್ಧತಿ. ಹಿಂದೆ ಓಣಿಗೊಬ್ಬರು ಅಯ್ಯನವರು ಸಿಗುತ್ತಿದ್ದರು. ಈಗಿನ ಹುಡುಗರು ಅದೆಲ್ಲ ಆಗದು ಎನ್ನುತ್ತಾರೆ. ಹೀಗಾಗಿ ಎಲ್ಲರಿಗೂ ಅಡಿವೆಯ್ಯನವರೇ ಬೇಕು. ಬಿನ್ನಾಯಕ್ಕೆ ಕರೆದರೆ ಒಲ್ಲೆ ಎನ್ನುವಂತಿಲ್ಲ, ನೀಡಿದ್ದನ್ನು ಬಿಡುವಂತಿಲ್ಲ. ಕಡೆಗೆ ತಾಟು ತೊಳೆದ ನೀರನ್ನೂ ಕುಡಿದು ಏಳಬೇಕು.

ಮೊದಲ ಸೋಮವಾರ ಹೊರಡುವಾಗ, “ರೊಟ್ಟಿ ಪಲ್ಲೆ ಸಾಕು ಅಂತ ಹೇಳ್ತೀನಿ ಬಿಡು,” ಎಂದು ಹೆಂಡತಿಗೆ ಮಾತು ಕೊಟ್ಟೇ ಹೋಗಿದ್ದರು. ಹೇಳಬೇಕೆಂದು ಅವರ ಮನಸ್ಸಿನಲ್ಲೂ ಇತ್ತು. ಆದರೆ ಆ ಮನೆಯ ಯಜಮಾನ ಹಿತ್ತಾಳೆ ಪರಾತದಲ್ಲಿ ಅವರ ಪಾದ ಇಟ್ಟು ತೊಳೆದ, ಮನೆಮಂದಿಯೆಲ್ಲ ಸಾಲಾಗಿ ಬಂದು ಬಾಗಿದರು. ನಿವೃತ್ತರಾದ ಮೇಲೆ ಮಾಸ್ತರರನ್ನು ಕಂಡು ಯಾರೂ ಎದ್ದು ನಿಂತಿರಲಿಲ್ಲ. ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿಗಳು ಗುರುತು ಸಿಗದವರಂತೆ ಕಿಟಕಿಯಾಚೆ ನೋಡುತ್ತಿದ್ದರು. ಇಲ್ಲಿ ಮುದುಕಿಯೊಬ್ಬಳು ಅವರು ಉಣ್ಣುವುದನ್ನೇ ದೇವರು ಉಂಡಂತೆ ಕೈಮುಗಿದು ನೋಡುತ್ತಿದ್ದಳು. ತಾಟಿನಲ್ಲಿ ಒಂದು ರೊಟ್ಟಿಯೇನೋ ಇತ್ತು. ಅದರ ಮೇಲೆ ಎರಡು ಹೂರಣದ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ, ಪಕ್ಕದಲ್ಲಿ ಗೋದಿ ಹುಗ್ಗಿ, ಅದರ ಮೇಲೂ ತುಪ್ಪ. ಮಾಸ್ತರರು ಬಾಯಿ ತೆರೆದದ್ದು ಮಾತಾಡಲು ಅಲ್ಲ.

“ರೊಟ್ಟಿ ನೀಡಿದ್ರೇನ್ರಿ?” ಎಂದು ನೀಲಗಂಗಮ್ಮ ಕೇಳಿದಾಗ, “ಹೂಂ” ಎಂದರು. ನೀಡಿದ್ದು ನಿಜವೇ ತಾನೆ.

ಸಂಜೆ ಪೆಟ್ಟಿಗೆಗೆ ಕೂರಿಸಿದ್ದ ಕೇಂದ್ರದ ಪರದೆಯ ಮೇಲೆ ದಿನದ ಊಟ ತುಂಬಬೇಕಿತ್ತು. ಮಧ್ಯಾಹ್ನ: ಒಂದು ರೊಟ್ಟಿ, ಪಲ್ಯ, ಮಜ್ಜಿಗೆ. ಸಿಹಿ: ಇಲ್ಲ. ಅದು ಸುಳ್ಳೆಂದು ಅವರಿಗೆ ಆಗ ನಿಜವಾಗಿಯೂ ಅನಿಸಿರಲಿಲ್ಲ. ಹಸಿವಿಗೆ ತಿನ್ನುವುದು ಊಟ. ಇದು ಪ್ರಸಾದ, ಇದನ್ನು ತಿನ್ನುವುದಿಲ್ಲ, ಸ್ವೀಕರಿಸುತ್ತಾರೆ. ಪ್ರಸಾದದಿಂದ ಯಾರಿಗಾದರೂ ಕೆಟ್ಟದ್ದಾಗಿದೆಯೇ? ಊಟವನ್ನು ರಾಸಾಯನಿಕವಾಗಿ ಒಡೆದು ತೋರಿಸುತ್ತಿದ್ದ ವಿಜ್ಞಾನದ ಮಾಸ್ತರರು ಹೋಳಿಗೆಯನ್ನು ಮಾತ್ರ ಒಡೆಯದೆ ಬಿಟ್ಟರು. ವಾರಕ್ಕೆ ನಾಲ್ಕು ಮನೆ ಬಿನ್ನಾಯವಾಯಿತು. ಊಟವಾದ ಮೇಲೆ ಹೆಗಲಿಗೆ ಕೂತರೆ ಅವರಿಗೆ ಗಡದ್ದು ನಿದ್ದೆ.

ಹದಿನೈದು ದಿನಕ್ಕೊಮ್ಮೆ ಗುರುವಾರ ಕೇಂದ್ರದಲ್ಲಿ ಸ್ಕ್ಯಾನ್. ಅಲ್ಲಿನ ವೀಕ್ಷಣಾ ಕೊಠಡಿಯೆಂದರೆ ಮಾಸ್ತರರಿಗೆ ಪ್ರೀತಿ. ಗೋಡೆಯ ಉದ್ದಕ್ಕೂ ಪರದೆ, ಅದರ ಮೇಲೆ ಹದಿನಾಲ್ಕು ಜೋಡಿಗಳ ಗೆರೆ: ರೋಗಿಯದು ನೀಲಿ, ಜೊತೆಗಾರರದು ಕೇಸರಿ. ಪರದೆ ನೋಡಿಕೊಳ್ಳುವ ಫಕ್ಕೀರೇಶ ಬೆಟಗೇರಿಯವನೇ, ಮಾಸ್ತರರಿಗೆ ತನ್ನ ಕುರ್ಚಿಯನ್ನೇ ಬಿಟ್ಟುಕೊಡುತ್ತಿದ್ದ. ಆ ಗುರುವಾರವೂ ಮಾಸ್ತರರ ನೀಲಿ ಗೆರೆ ಕೆಳಗಿಳಿದಿತ್ತು, ಹನ್ನೆರಡು. ಅದರ ಪಕ್ಕದ ಕೇಸರಿ ಗೆರೆ ಆರು ಪಾಯಿಂಟ್ ಒಂಬತ್ತಕ್ಕೆ ನೆಗೆದಿತ್ತು.

“ಅಮ್ಮಾ, ಊಟದಾಗ ಏನಾರ ಹೆಚ್ಚುಕಡಿಮಿ ಆತೇನ್ರಿ?” ಡಾಕ್ಟರ್ ತಹಸೀನ್ ಕೇಳಿದರು.

“ಇಲ್ರಿ. ಪಟ್ಟಿವಳಗ ಇದ್ದದ್ದ ಉಣ್ಣಾಕತ್ತೇನಿ.”

“ಶ್ರಾವಣ ಅಲ್ರಿ. ಯಾರರ ಉಂಡಿ, ಹೋಳಿಗಿ ಕೊಟ್ಟಿರ್ತಾರ...”

“ನಾ ತಿಂದಿಲ್ರಿ ಡಾಕ್ಟರ.”

ಡಾಕ್ಟರು ಕಡ್ಡಿಯಿಂದ ಪರದೆ ಮುಟ್ಟಿದರು. “ನೋಡ್ರಿ, ಸರ್ ಪಥ್ಯ ಮುರದಿದ್ರ ಅವರ ಗೆರಿನೂ ಏರಬೇಕಿತ್ತು. ಅದು ಇಳದೈತಿ. ಏರಿದ್ದು ನಿಮ್ಮದೊಂದ. ಎಂಟು ದಾಟಿದ್ರ ಜೋಡಿ ಬಿಡಸಬೇಕಾಗ್ತೈತಿ. ಹಂಗಾದ್ರ ಸರ್ ಕತಿ ಏನು, ವಿಚಾರ ಮಾಡ್ರಿ.”

ಎಲ್ಲರೂ ನೀಲಗಂಗಮ್ಮನವರ ಮುಖ ನೋಡಿದರು. ಮಾಸ್ತರರೂ ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಕಾದವರು ತಾವೆಂಬುದು ಆ ಗಳಿಗೆಯಲ್ಲಿ ಅವರಿಗೆ ಹೊಳೆಯಲೇ ಇಲ್ಲ. “ಏನಾರ ತಿಂದಿದ್ರ ಹೇಳಿಬಿಡು ನೀಲಾ,” ಎಂದು ಹೇಳಿದರು ಬೇರೆ.

ಮರುದಿನದಿಂದ ಬೆಲ್ಲದ ಡಬ್ಬಿ, ತುಪ್ಪದ ಬರಣಿ ಅಶ್ವಿನಿಯ ಕಪಾಟು ಸೇರಿದವು. ಕೆಟ್ಟ ಹುಡುಗಿಯಲ್ಲ ಅವಳು, ಮಾವನವರ ಜೀವದ ಚಿಂತೆ. ಆದರೆ ನಲವತ್ತನಾಲ್ಕು ವರ್ಷ ಆ ಅಡುಗೆಮನೆ ಆಳಿದ ಹೆಂಗಸು, ಬಂದವರಿಗೆ ಚಹಾ ಮಾಡಲು, “ಅಶ್ವಿನಿ, ಒಂದೀಟು ಬೆಲ್ಲ ಕೊಡವಾ,” ಎಂದು ಸೊಸೆಯ ಕೋಣೆಯ ಬಾಗಿಲಲ್ಲಿ ನಿಲ್ಲಬೇಕಾಯಿತು. ಬಂದವರೂ ಕಣ್ಣುಕಿವಿ ಇದ್ದವರೇ. ನೀಲಗಂಗಮ್ಮ ಕದ್ದು ತಿನ್ನುತ್ತಾರಂತೆ, ಗಂಡನ ಪ್ರಾಣದ ಮೇಲೂ ಕನಿಕರವಿಲ್ಲವಂತೆ ಎಂಬ ಮಾತು ಓಣಿಯ ತುದಿಯವರೆಗೂ ಹೋಗಿ ತಿರುಗಿ ಬಂತು. ನೀಲಗಂಗಮ್ಮ ಅಕ್ಕಪಕ್ಕದ ಮನೆಗಳಿಗೆ ಪುರಾಣ ಕೇಳಲು ಹೋಗುತ್ತಿದ್ದುದನ್ನು ನಿಲ್ಲಿಸಿದರು.

ಮೂರನೆಯ ಸೋಮವಾರ ಬಿನ್ನಾಯ ಮುಗಿಸಿ ಬಂದು ಮಾಸ್ತರರು ಹೆಗಲಿಗೆ ಕೂತರು. ಅವತ್ತು ನಿದ್ದೆ ಹತ್ತಲಿಲ್ಲ. ಮನೆಯೊಳಗಿನ ಬಿಗುವು ಅವರಿಗೂ ತಾಕಿತ್ತು. ಕಿಟಕಿಯಿಂದ ಬಿಸಿಲು ನೇರವಾಗಿ ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು. ಸುಮ್ಮನೆ ಕಣ್ಣಾಡಿಸಿದರೆ, ತಮ್ಮ ತೋಳಿನಿಂದ ಹೆಂಡತಿಯ ಕಡೆ ಹೋಗುವ ಕೊಳವೆಯಲ್ಲಿ ಇರಬೇಕಾದ ತಿಳಿಹಳದಿ ನೀರು ಇರಲಿಲ್ಲ. ಬೆಳ್ಳಗೆ, ಮಂದವಾಗಿ, ಹಾಲಿನ ಹಾಗೆ ಏನೋ ಹರಿಯುತ್ತಿತ್ತು.

ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ. ಜಿಡ್ಡಿನ ಊಟವಾದ ಎರಡು ಮೂರು ಗಂಟೆಗೆ ರಕ್ತದ ನೀರು ಕೊಬ್ಬಿನಿಂದ ಹಾಲಾಗುತ್ತದೆಂದು ಎಷ್ಟು ಬ್ಯಾಚಿಗೆ ಅವರೇ ಪಾಠ ಮಾಡಿದ್ದರು! ಕೊಳವೆಯ ಬಣ್ಣ ನೋಡುವ ಕಣ್ಣು ಯಂತ್ರಕ್ಕಿರಲಿಲ್ಲ. ಜನ ತಿಂದದ್ದನ್ನು ತಿಂದೆವೆಂದೇ ಬರೆಯುತ್ತಾರೆಂದು ಮಾಡಿದವರು ನಂಬಿದ್ದರು. ಪ್ರಸಾದವೋ ಊಟವೋ, ಮಧ್ಯಾಹ್ನದ ಎರಡು ಹೋಳಿಗೆ, ಹುಗ್ಗಿ, ತುಪ್ಪ ಎಲ್ಲ ಬಿಳಿಯಾಗಿ, ತಾಳ್ಮೆಯಿಂದ ನೀಲಗಂಗಮ್ಮನ ತೋಳಿನೊಳಗೆ ಇಳಿಯುತ್ತಿದ್ದವು.

ನೀಲಗಂಗಮ್ಮ ಕೊಳವೆಯನ್ನು ನೋಡಿದರು. ಆಮೇಲೆ ಗಂಡನ ಮುಖ ನೋಡಿದರು.

“ನೀರು ಬೇಕೇನ್ರಿ?” ಎಂದರು.

“ಬ್ಯಾಡ,” ಎಂದರು ಮಾಸ್ತರರು.

ಅಲ್ಲೇ ಹೇಳಬಹುದಿತ್ತು. ಮಾತು ಗಂಟಲಲ್ಲಿ ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಹೇಳಿದರೆ ಕೇಂದ್ರದವರು ಜೋಡಿ ಬಿಡಿಸುತ್ತಾರೆ, ಬಿಡಿಸಿದರೆ ತಮ್ಮ ಲಿವರ್ ನಾರುಗಟ್ಟುತ್ತದೆ. ಊರಿಗೆ ಗೊತ್ತಾದರೆ ನಾಳೆಯಿಂದ ಯಾರು ಪಾದ ತೊಳೆಯುತ್ತಾರೆ? ಇವೆರಡಕ್ಕಿಂತ ಕೀಳಾದ ಇನ್ನೊಂದು ಯೋಚನೆಯೂ ಬಂತು: ಅವಳದು ಗಟ್ಟಿ ಲಿವರ್, ಇನ್ನೆರಡು ಸೋಮವಾರ ತಾನೆ, ತಡೆದೀತು. ಹೀಗೆ ಯೋಚಿಸಿದವನು ತಾನೇ ಎಂಬುದು ನೆನಪಾಗಿ ಮುಂದೆ ಎಷ್ಟೋ ದಿನ ಅವರು ಮೀಸೆ ತಿದ್ದಿಕೊಳ್ಳಲು ಕನ್ನಡಿಯ ಮುಂದೆ ನಿಲ್ಲುವುದನ್ನೇ ತಪ್ಪಿಸಿದರು.

ನಾಲ್ಕನೆಯ ಸೋಮವಾರದ ಬಿನ್ನಾಯ ಫಕ್ಕೀರೇಶನ ಮನೆಯಲ್ಲಿ. ಈ ಸಲ ಮಾಸ್ತರರು ಬಾಯಿ ಬಿಟ್ಟು ಹೇಳಿದರು: “ಗುರವ್ವಾ, ನನಗ ಬರೇ ರೊಟ್ಟಿ ನೀಡು. ಸಾಕು.”

ಫಕ್ಕೀರೇಶನ ತಾಯಿಯ ಕಣ್ಣಲ್ಲಿ ನೀರೇ ಬಂತು. “ಯಪ್ಪಾ, ನಮ್ಮ ಮನ್ಯಾಗ ಏನ್ ತಪ್ಪಾತ್ರಿ? ನಸುಕಿನ್ಯಾಗ ಎದ್ದು ಮಡಿಲೆ ಹೂರಣ ರುಬ್ಬೇನಿ.”

ಮಗ ತುಪ್ಪದ ಗಿಂಡಿ ಹಿಡಿದು ನಿಂತಿದ್ದ. ವಾರಕ್ಕೆ ಆರು ದಿನ ಮಾಸ್ತರರ ಗೆರೆ ಕಾಯುವವನು. “ಮನ್ಯಾಗ ಪಥ್ಯ ಮಾಡ್ರಿ ಅಜ್ಜಾರ, ಯಾರ್ ಬ್ಯಾಡ ಅಂತಾರ? ಇದು ಪ್ರಸಾದ. ಇದು ಯಾವ ಪಟ್ಟಿವಳಗ ಬರ್ತೈತ್ರಿ?” ಎಂದು ನಗುತ್ತ ಸುರಿದ.

ಮಾಸ್ತರರು ಉಂಡರು. ಮೊದಲನೆಯ ಹೋಳಿಗೆಯನ್ನು ಗುರವ್ವ ಒತ್ತಾಯ ಮಾಡಿ ನೀಡಿದಳು, ಎರಡನೆಯದನ್ನು ಫಕ್ಕೀರೇಶ ನೀಡಿದ. ಮೂರನೆಯದಕ್ಕೆ ಯಾರೂ ಒತ್ತಾಯ ಮಾಡಲಿಲ್ಲ, ಅವರೇ ತಾಟು ಮುಂದೆ ಮಾಡಿದರು.

ಗುರುವಾರ ಬಂತು. ಕೇಸರಿ ಗೆರೆ ಎಂಟು ಪಾಯಿಂಟ್ ಆರು. ಪರದೆಯ ಮೂಲೆಯಲ್ಲಿ ಆ ಜೋಡಿಯ ಹೆಸರು ಕೆಂಪಾಗಿ ಮಿನುಗುತ್ತಿತ್ತು. ಡಾಕ್ಟರ್ ತಹಸೀನ್ ಎಲ್ಲರನ್ನೂ ಕೂರಿಸಿ, ಒಂದು ಕಾಗದ ತೆಗೆದು ನೀಲಗಂಗಮ್ಮನ ಮುಂದೆ ಇಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು.

“ಆಸಿ ಎಲ್ಲಾರಿಗೂ ಇರ್ತೈತ್ರಿ ಅಮ್ಮಾ. ಸುಳ್ಳು ಹೇಳಬಾರದು ಅಷ್ಟ. ಪಥ್ಯ ಮುರದೇನಿ ಅಂತ ನೀವು ಒಪ್ಪಿ ಸಹಿ ಮಾಡಿದ್ರ ಒಂದು ದಾರಿ ಐತಿ. ಒಂದು ತಿಂಗಳು ಇಲ್ಲೇ ನಮ್ಮ ವಾರ್ಡಿನ್ಯಾಗ ಇರ್ರಿ, ನಾವು ಕೊಟ್ಟದ್ದ ಉಣ್ರಿ. ಜೋಡಿ ಉಳೀತೈತಿ. ಇಲ್ಲಾಂದ್ರ ಇವತ್ತ ಬಿಡಸಬೇಕು.”

ಅಶ್ವಿನಿ ಅತ್ತೆಯ ಕೈ ಹಿಡಿದಳು. “ಒಪ್ಪಿಕೊಂಡ್ಬಿಡ್ರಿ ಅತ್ತಿ. ಮಾವಾರ ಸಲುವಾಗಿ.”

ಕಾಗದದಲ್ಲಿ ಎರಡು ಸಾಲು ಇದ್ದವು: ‘ನಾನು ಪಥ್ಯ ಮುರಿದು ಸಿಹಿ ತಿಂದಿದ್ದೇನೆ. ಇದನ್ನು ಮುಚ್ಚಿಟ್ಟದ್ದು ನನ್ನ ತಪ್ಪು.’ ನೀಲಗಂಗಮ್ಮ ಚಾಳೀಸಿನ ಕನ್ನಡಕ ಏರಿಸಿಕೊಂಡು ಅದನ್ನು ಎರಡು ಸಲ ಓದಿದರು. ಆಮೇಲೆ ಪೆನ್ನು ತೆಗೆದುಕೊಂಡರು. ಅವರ ಅಕ್ಷರ ನಿಧಾನ, ಗುಂಡಗೆ. ನೀ ಬರೆದರು. ಲ ಬರೆದರು.

“ನಿಂದ್ರು,” ಎಂದರು ಮಾಸ್ತರರು.

ಎಲ್ಲರೂ ತಿರುಗಿದರು. “ಅಕಿ ತಿಂದಿಲ್ರಿ ಡಾಕ್ಟರ. ಬಿನ್ನಾಯಕ್ಕ ಹೋಗಿದ್ದೆ. ಪ್ರಸಾದ... ನಾ ಸ್ವೀಕಾರ ಮಾಡೇನಿ.” ಡಾಕ್ಟರ ಮುಖದಲ್ಲಿ ಏನೂ ಅರ್ಥವಾಗದ ಭಾವ ಕಂಡಿತು. ಮಾಸ್ತರರು ತಲೆ ತಗ್ಗಿಸಿದರು. “ಅಲ್ಲ. ತಿಂದೇನಿ. ಹೋಳಿಗಿ, ಹುಗ್ಗಿ, ತುಪ್ಪ. ವಾರಕ್ಕ ನಾಕು ದಿನ. ಹತ್ತು ದಿನದ ಹಿಂದ ಕೊಳಿವಿ ಬೆಳ್ಳಗಾಗಿದ್ದು ನೋಡೇನಿ. ನೋಡಿದಮ್ಯಾಲೂ ತಿಂದೇನಿ.”

“ಸಿಹಿ ಇಲ್ಲ ಅಂತ ಬರದೀರಲ್ಲ ಸರ್?”

“ಬರದೇನಿ.”

ಆಗ ಮೂಲೆಯಿಂದ ಫಕ್ಕೀರೇಶ ಸತ್ತ ದನಿಯಲ್ಲಿ, “ಮೇಡಮ್, ಹೋದ ಸೋಮವಾರ ನಮ್ಮ ಮನ್ಯಾಗ್ರಿ. ತುಪ್ಪ ನಾನ ನೀಡೇನಿ,” ಎಂದ.

“ದಿನಾ ಈ ಗೆರಿ ನೋಡಾವ ನೀನು!”

“ಅದು ಪ್ರಸಾದ ಅಂತಂದು... ಎರಡೂ ಕೂಡಿಸಿ ನೋಡಬೇಕಂತ ತಲಿಗೇ ಬರಲಿಲ್ರಿ.”

ವಿಜಯಪುರದಿಂದ ಬಂದ, ಇಷ್ಟೆಲ್ಲ ಓದಿದ ಡಾಕ್ಟರು ಹಣೆಗೆ ಕೈಹಚ್ಚಿ ಕೂತರು. ಜೊತೆಗಾರರ ಲಿವರ್ ಗಟ್ಟಿಯಿದ್ದಷ್ಟೂ ರೋಗಿಯ ಕಳ್ಳತನ ರೋಗಿಯ ಗೆರೆಯಲ್ಲಿ ಕಾಣುವುದಿಲ್ಲ. ಇಷ್ಟು ಸರಳ ವಿಷಯ ಅವರಿಗೂ ಹೊಳೆದಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು ನೀಲಗಂಗಮ್ಮನ ಮುಂದಿದ್ದ ಕಾಗದ ಎತ್ತಿ ಹರಿದರು. “ತಪ್ಪಾತ್ರಿ ಅಮ್ಮಾ. ನಾ ನಿಮ್ಮನ್ನ ನಂಬಲಿಲ್ಲ,” ಎಂದರು. ಅಶ್ವಿನಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ನೀಲಗಂಗಮ್ಮ ಪೆನ್ನಿನ ಟೊಪ್ಪಿಗೆ ಹಾಕಿ ಮೇಜಿನ ಮೇಲಿಟ್ಟರು. ಜೋಡಿಯನ್ನು ಮೂರು ತಿಂಗಳ ಮಟ್ಟಿಗೆ ಬಿಡಿಸಲಾಯಿತು. ಅಷ್ಟರಲ್ಲಿ ಅವರ ಲಿವರ್ ಮೊದಲಿನಂತಾಗಬೇಕು, ಮಾಸ್ತರರು ಪಥ್ಯ ಮತ್ತು ನಡಿಗೆಯ ಮೇಲೆಯೇ ಜೀವ ಹಿಡಿಯಬೇಕು.

ಅಶ್ವಿನಿ ಔಷಧಿ ತರಲು ಉಳಿದಳು. ಗಂಡಹೆಂಡತಿ ಆಟೋದಲ್ಲಿ ಮನೆಗೆ ಹೊರಟರು. ಕೆರೆಯ ದಂಡೆ ದಾಟುವವರೆಗೂ ಮಾಸ್ತರರು ಮಾತು ಹುಡುಕಿದರು.

“ತಪ್ಪಾತು ನೀಲಾ.”

“ಹೂಂ.”

“ನಿನಗ ಅವತ್ತ ಕೊಳಿವಿ ನೋಡಿದಾಗ ಗೊತ್ತಾತೇನು?”

“ಅದಕ್ಕೂ ಮೊದಲ. ಮೊದಲನೇ ಸೋಮವಾರಾನ ಗೊತ್ತಾತು. ನೀವು ಹೊದಿಯೋ ಶಲ್ಲೇ ತೊಳಿಯಾಕಿ ನಾನ ಅಲ್ಲೇನ್ರಿ? ತುಪ್ಪದ ಕಲಿ ಸಬಕಾರಕ್ಕ ಹೋಗಂಗಿಲ್ಲ.”

ಮಾಸ್ತರರು ಹೆಂಡತಿಯ ಕಡೆ ಹೊರಳಿದರು. “ಮತ್ತ ಯಾಕ ಹೇಳಲಿಲ್ಲ? ಎಲ್ಲಾರೂ ನಿನಗ ಅಂದ್ರಲ್ಲ!”

“ನಾ ಹೇಳಿದ್ರ ಗಂಡನ ಮ್ಯಾಲ ಚಾಡಿ ಹೇಳಿದಂಗ ಅಕ್ಕಿತ್ತು. ನೀವ ಹೇಳ್ತೀರಿ ಅಂತ ಮಾಡಿದ್ದೆ. ಇವತ್ತ ಹೇಳ್ತಾರ, ನಾಳಿ ಹೇಳ್ತಾರ. ಇಪ್ಪತ್ನಾಕು ದಿನಾ ಆತ್ರಿ.” ಅವರು ಆಟೋದ ಹೊರಗೆ ನೋಡುತ್ತಲೇ ಹೇಳಿದರು. “ಲಿವರಿಗೆ ಏನಾತೋ ಅದು ನನಗ ತಿಳಿಯಂಗಿಲ್ಲ. ಸ್ಕ್ಯಾನಿನ್ಯಾಗ ನೋಡಿ ಅವರು ಹೇಳ್ತಾರ. ‘ಏನಾರ ತಿಂದಿದ್ರ ಹೇಳಿಬಿಡು’ ಅಂತ ಎಲ್ಲಾರ ಮುಂದ ನೀವು ಅಂದ್ರಲ್ಲ, ಅದು ತಿಳೀತು.”

ಶ್ರಾವಣ ಮುಗಿದ ಮೇಲೆ ಮಾಸ್ತರರು ತಮಗೆ ಬಿನ್ನಾಯ ಕೊಟ್ಟ ಹದಿನಾಲ್ಕು ಮನೆಗೂ ಒಂದೊಂದಾಗಿ ಹೋದರು. ಪಾದ ತೊಳೆಯಲು ಬಂದವರನ್ನು ತಡೆದು, ಹೊಸ್ತಿಲ ಹೊರಗೇ ನಿಂತು, “ನಿಮ್ಮ ಮನ್ಯಾಗ ಹೋಳಿಗಿ ತಿಂದಾಂವ ನಾನು. ಕಳ್ಳಿ ಅನಿಸಿಕೊಂಡಾಕಿ ನನ್ನ ಹೇಣ್ತಿ. ಅಕಿ ಏನೂ ತಿಂದಿಲ್ಲ,” ಎಂದು ಹೇಳಿದರು. ಕೆಲವರು ಕಣ್ಣು ತಪ್ಪಿಸಿದರು. ಒಂದು ಮನೆಯಲ್ಲಿ ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಗುರವ್ವ, ತನ್ನ ಪ್ರಸಾದವನ್ನು ಅಯ್ಯನವರು ವಿಷವೆಂದು ಹೇಳಿಹೋದರೆಂದು ಒಂದು ತಿಂಗಳು ಮಾತು ಬಿಟ್ಟಳು. ಪ್ರಸಾದದಲ್ಲಿ ದೋಷವಿಲ್ಲ, ದೋಷ ತನ್ನದೆಂದು ಅವಳಿಗೆ ತಿಳಿಹೇಳಲು ಮಾಸ್ತರರು ಮೂರು ಸಲ ಹೋಗಬೇಕಾಯಿತು. ಪ್ರತಿ ಬಾಗಿಲಲ್ಲೂ ನಾಚಿಕೆ ಹೊಸದಾಗಿಯೇ ಆಗುತ್ತಿತ್ತು, ಹದಿನಾಲ್ಕನೆಯದಕ್ಕೂ ರೂಢಿಯಾಗಲಿಲ್ಲ.

ಹೆಗಲು ಇಲ್ಲದ ಮೊದಲ ತಿಂಗಳು ಅವರ ಗೆರೆ ಹದಿನೈದಕ್ಕೆ ಏರಿತು. ರಾತ್ರಿ ಒಂದು ರೊಟ್ಟಿ, ಬಟ್ಟಲು ತುಂಬ ಹಕ್ಕರಕಿ, ಮುಂಜಾನೆ ಸಂಜೆ ಒಂದು ಗಂಟೆ ನಡಿಗೆ ಎಂದು ಹಟ ಹಿಡಿದ ಮೇಲೆ ಎರಡನೆಯ ತಿಂಗಳು ನಿಂತಿತು, ಮೂರನೆಯ ತಿಂಗಳು ಹದಿಮೂರೂವರೆಗೆ ಇಳಿಯಿತು. ನಿಧಾನ, ಆದರೆ ಅದು ಅವರ ಸ್ವಂತದ್ದು. ನೀಲಗಂಗಮ್ಮನದು ತಾನಾಗಿ ನಾಲ್ಕು ಪಾಯಿಂಟ್ ಒಂದಕ್ಕೆ ಬಂದು ನಿಂತಿತ್ತು.

“ಈಗ ಮತ್ತ ಜೋಡಿ ಮಾಡಬಹುದು,” ಎಂದರು ಡಾಕ್ಟರ್ ತಹಸೀನ್. “ಹೆಗಲು ಇದ್ರ ಸರ್ ಲಗೂ ಸುಧಾರಿಸ್ತಾರ, ನಾರು ಮುಂದ ಹೋಗೋದೂ ಖಾತ್ರಿ ನಿಂದರ್ತೈತಿ. ಬರೇ ಪಥ್ಯದಾಗ ಎಷ್ಟು ದಿನ ಹಿಡೀತೈತೋ ಹೇಳಾಕಾಗಂಗಿಲ್ಲ. ಆದ್ರ ಈ ಸಲ ನಾ ಫಾರಂ ಯಾರ ಕೈಯಾಗೂ ಕೊಡಂಗಿಲ್ಲ. ಸರ್, ನೀವ ಕೇಳ್ರಿ.”

ಮಾಸ್ತರರು ಹೆಂಡತಿಯ ಕಡೆ ತಿರುಗಿದರು. ನಲವತ್ತನಾಲ್ಕು ವರ್ಷದಲ್ಲಿ ಅವಳಲ್ಲಿ ಏನನ್ನಾದರೂ ಬೇಡಿದ ನೆನಪು ಅವರಿಗಿರಲಿಲ್ಲ. ಬೇಕಾದದ್ದು ಬೇಕಾದ ಹೊತ್ತಿಗೆ ಮುಂದೆ ಬಂದಿರುತ್ತಿತ್ತು. “ನೀಲಾ,” ಎಂದರು, “ಹೆಗಲು ಕೊಡ್ತೀಯೇನು?”

“ಒಂದು ಮಾತು ಕೇಳ್ತೀನಿ,” ಎಂದರು ನೀಲಗಂಗಮ್ಮ. “ಲಿವರ್ ನಂದು ಕೆಟ್ಟಿದ್ರ, ಆ ಇನ್ನೊಂದು ಕುರ್ಚಿಮ್ಯಾಲ ನೀವು ಕುಂದರತಿದ್ರೇನ್ರಿ?”

ಕುಂದರತಿದ್ದೆ ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ಹೇಳಿದ್ದರೆ ಡಾಕ್ಟರು ನಂಬುತ್ತಿದ್ದರು, ಫಕ್ಕೀರೇಶ ನಂಬುತ್ತಿದ್ದ.

“ಇಲ್ಲ,” ಎಂದರು. “ಅವಾಗ ಕುಂದರತಿದ್ದಿಲ್ಲ. ಏನಾರ ನೆವ ಹೇಳತಿದ್ದೆ.”

ನೀಲಗಂಗಮ್ಮ ತಲೆಯಾಡಿಸಿದರು. ಸಿಟ್ಟಾದಂತೆ ಕಾಣಲಿಲ್ಲ. “ಖರೇ ಹೇಳಿದ್ರಿ. ಹೆಗಲು ಕೊಡಂಗಿಲ್ರಿ ನಾನು. ನಿಮ್ಮದು ನೀವ ಹೊರ್ರಿ. ಆದ್ರ ಇವತ್ತಿನಿಂದ ನೀವು ಉಂಡಮ್ಯಾಲ ಉಣ್ಣಂಗಿಲ್ಲ, ಬಾಜೂಕ ಕುಂತು ಉಣ್ತೀನಿ. ನೀವು ಏನು ಉಣ್ತೀರಿ ನಾ ನೋಡ್ತೀನಿ. ನಾ ಏನು ಉಣ್ತೀನಿ ನೀವೂ ನೋಡ್ರಿ.”

“ಆತು,” ಎಂದರು ಮಾಸ್ತರರು.

ಆ ಮಧ್ಯಾಹ್ನ ಅಶ್ವಿನಿ ಎರಡು ತಾಟು ಹಾಕಿದಳು. ನೀಲಗಂಗಮ್ಮ ಗಂಡನ ಪಕ್ಕದಲ್ಲಿ ಕೂತು, ರೊಟ್ಟಿ ಮುರಿದು, ಅರ್ಧವನ್ನು ತಿರುಗಿ ಬುಟ್ಟಿಗೆ ಹಾಕಿದರು. ಬಟ್ಟಲಿನ ಪಲ್ಯದಲ್ಲಿ ಕಾಳನ್ನೆಲ್ಲ ಬದಿಗೆ ಸರಿಸಿ ಬರಿಯ ರಸ ನೀಡಿಕೊಂಡರು. ಮಾಸ್ತರರು ಯಾಕೆಂದು ಕೇಳಿದಾಗ, “ರೂಢಿರಿ. ಕಾಳು ಉಳಿದವರಿಗೆ ಬೇಕಾಗ್ತಾವು,” ಎಂದರು. ಇಡೀ ಊರು ಈ ಹೆಂಗಸು ಕದ್ದು ತಿನ್ನುತ್ತಾಳೆಂದು ಆಡಿಕೊಂಡಿತ್ತು. ಅವಳು ಏನು ಉಣ್ಣುತ್ತಾಳೆಂಬುದನ್ನು ಅಡಿವೆಯ್ಯನವರು ಒಂದು ದಿನವೂ ನೋಡಿರಲಿಲ್ಲ.